ಎಡ ಮಗ್ಗುಲಿಗೆ ತಿರುಗಿ, ಅಮ್ಮ

ಕೋಲಾರದಲ್ಲಿ ರೇಡಿಯಾಲಜಿಸ್ಟ್ ಆಗಿ ಕೆಲಸ ಶುರು ಮಾಡಿದ ಹೊಸತು. ಶ್ರೀನಿವಾಸಪುರ ಕಡೆಯ ಹೆಂಗಸೊಬ್ಬರು ಬಂದರು. ಟೊಮೆಟೊ ಬಿಡಿಸುವ ಕೂಲಿ. ಊಟವಾದ ಮೇಲೆ ಬಲ ಪಕ್ಕೆಲುಬಿನ ಕೆಳಗೆ ನೋವು, ಬೆನ್ನಿಗೂ ಎಳೆಯುತ್ತದೆ ಅಂದರು. ಅಷ್ಟು ದಿನ ಸುಮ್ನೆ ಗ್ಯಾಸ್ಟ್ರಿಕ್ ಮಾತ್ರೆ ನುಂಗಿದ್ದರು. ಅಂಗಾತ ಮಲಗಿಸಿ ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡಿ ನೋಡಿದೆ. ಪಿತ್ತಕೋಶದಲ್ಲಿ, ಅಂದರೆ ಪಿತ್ತರಸ ತುಂಬಿಡುವ ಪುಟ್ಟ ಚೀಲದಲ್ಲಿ, ಏನೂ ಕಾಣಲಿಲ್ಲ. ಹೊರಗೆ ಸಾಲು ಉದ್ದ ಇತ್ತು. ನಾರ್ಮಲ್ ಎಂದು ಬರೆದು ಕಳಿಸಿಬಿಟ್ಟೆ.

ಹತ್ತೇ ದಿನ. ಜ್ವರ, ವಾಂತಿ ಅಂತ ಮತ್ತೆ ಬಂದರು. ಈ ಸಲ ಎಡ ಮಗ್ಗುಲಿಗೆ ತಿರುಗಿಸಿದೆ. ಪಿತ್ತಕೋಶದ ಕತ್ತಿನಲ್ಲಿ ಕಲ್ಲು ಸಿಕ್ಕಿಕೊಂಡು ಕೂತಿತ್ತು. ಬೆಳ್ಳಗೆ ಹೊಳೆಯುವ ಕಮಾನು, ಅದರ ಹಿಂದೆ ಕಪ್ಪು ನೆರಳು. ಶಬ್ದದ ಅಲೆ ಕಲ್ಲು ದಾಟಲ್ಲ, ಅದಕ್ಕೇ ಆ ನೆರಳು. ಗೋಡೆ 6 ಮಿ.ಮೀ. ದಪ್ಪ, 3ರ ಒಳಗೆ ಇರಬೇಕಾದದ್ದು. ಸುತ್ತ ನೀರೂ ಸೇರಿತ್ತು. ಹೊಟ್ಟೆ ಮೇಲೆ ಆಡಿಸುವ ಸ್ಕ್ಯಾನ್ ಉಪಕರಣ, ಪ್ರೋಬ್, ಸರಿಯಾಗಿ ಪಿತ್ತಕೋಶದ ಮೇಲೆ ಒತ್ತಿದಾಗ ಉಸಿರು ಹಿಡಿದು ನನ್ನ ಕೈ ತಳ್ಳಿದರು. ಇದನ್ನೇ ಮರ್ಫಿ ಲಕ್ಷಣ ಅನ್ನುತ್ತೇವೆ, ಪಿತ್ತಕೋಶ ಊದಿಕೊಂಡಿರುವ ಗುರುತು.

ಅವತ್ತಿಂದ ಯಾರನ್ನೂ ತಿರುಗಿಸದೆ ಬಿಡಲ್ಲ. ತಿರುಗಿಸಿದರೆ ಬಿಡಿ ಕಲ್ಲು ಉರುಳುತ್ತದೆ. ಪಾಲಿಪ್, ಅಂದರೆ ಒಳಗೋಡೆಯಲ್ಲಿ ಬೆಳೆದ ಪುಟ್ಟ ಗಂಟು, ಗೋಡೆಗೆ ಅಂಟಿಕೊಂಡೇ ಇರುತ್ತದೆ, ನೆರಳೂ ಬೀಳಲ್ಲ.

ಇನ್ನೊಂದು ಗೋಳು ಖಾಲಿ ಹೊಟ್ಟೆಯದು. 6ರಿಂದ 8 ಗಂಟೆ ಏನೂ ತಿನ್ನಬೇಡಿ ಅಂದರೆ, "ಬಸ್ ಸ್ಟ್ಯಾಂಡಲ್ಲಿ ಒಂದು ಟೀ ಅಷ್ಟೇ ಸಾರ್" ಅನ್ನುತ್ತಾರೆ. ಆ ಹಾಲಿನ ಜಿಡ್ಡು ಸಾಕು, ಪಿತ್ತಕೋಶ ಹಿಂಡಿಕೊಳ್ಳುತ್ತದೆ, ಗೋಡೆ ದಪ್ಪಗೆ ಕಾಣುತ್ತದೆ. ಡೆಂಗಿ ಜ್ವರದಲ್ಲೂ ಹಾಗೇ ಊದಿಕೊಳ್ಳುತ್ತದೆ. ಗೋಡೆಯೊಂದನ್ನೇ ನೋಡಿ ಆಪರೇಷನ್‌ಗೆ ಕಳಿಸಬಾರದು, ಅಲ್ವಾ?

ಕೆಲವರು ಸಿಟಿ ಸ್ಕ್ಯಾನೇ ಮಾಡಿಬಿಡಿ, ದೊಡ್ಡ ಮಿಷನ್ ಅಲ್ವಾ ಅನ್ನುತ್ತಾರೆ. ಕೊಲೆಸ್ಟರಾಲ್ ಕಲ್ಲು ಎಷ್ಟೋ ಸಲ ಸಿಟಿಯಲ್ಲಿ ಕಾಣುವುದೇ ಇಲ್ಲ. ಕಲ್ಲಿಗೆ ಅಲ್ಟ್ರಾಸೌಂಡೇ ಮೊದಲು. ಕಲ್ಲು ಪಿತ್ತನಾಳಕ್ಕೆ ಜಾರಿದ ಅನುಮಾನ ಇದ್ದರೆ ಮಾತ್ರ ಎಂಆರ್‌ಸಿಪಿ, ಅಂದರೆ ಪಿತ್ತನಾಳ ತೋರಿಸುವ ಎಂಆರ್‌ಐ ಸ್ಕ್ಯಾನ್, ಬರೆಯುತ್ತೇನೆ; ಅಲ್ಟ್ರಾಸೌಂಡಲ್ಲಿ ನಾಳದ ಕೆಳತುದಿಯನ್ನು ಕರುಳಿನ ಗ್ಯಾಸ್ ಮುಚ್ಚಿಬಿಡುತ್ತದೆ. ಬಾಳೆದಿಂಡಿನ ರಸ ಕುಡಿದರೆ ಕರಗುತ್ತಾ ಅಂತ ಕೇಳುವವರಿಗಂತೂ ಲೆಕ್ಕವೇ ಇಲ್ಲ. ಕರಗಲ್ಲ.

ಆಪರೇಷನ್ ಆದ ಮೇಲೆ ಆ ಹೆಂಗಸು ಕಲ್ಲನ್ನು ಪುಟ್ಟ ಡಬ್ಬಿಯಲ್ಲಿ ತಂದು ನನ್ನ ಮೇಜಿನ ಮೇಲಿಟ್ಟರು. ಹುಣಸೆ ಬೀಜದಷ್ಟಿತ್ತು.

"ಇಷ್ಟು ದಪ್ಪ ಇದ್ರೂ ಅವತ್ತು ಕಾಣಲಿಲ್ವಾ ಸಾರ್?" ಅಂದರು.