ಹದಿನೆಂಟರಿಂದ ಟೀನ್‌ಗೆ: ನಮ್ಮ ಆಟದ ರಕ್ತ ಒರೆಸಿದ ಕಥೆ

ಆಟದಲ್ಲಿ ಏನೇನಿದೆ ಅಂತ ಕೇಳಿ ಹಲವು ದೇಶಗಳ ವಯಸ್ಸಿನ ರೇಟಿಂಗ್ ಒಟ್ಟಿಗೆ ಕೊಡುವ ಐಎಆರ್‌ಸಿ ಪ್ರಶ್ನಾವಳಿಯನ್ನು ಮೊದಲ ಸಲ ತುಂಬಿದಾಗ ನಮ್ಮ ವಿಡಿಯೋ ಆಟಕ್ಕೆ ಅಮೆರಿಕದ ಇಎಸ್‌ಆರ್‌ಬಿಯ ಮೆಚ್ಯೂರ್ (17 ಮತ್ತು ಮೇಲಿನವರಿಗೆ), ಯುರೋಪಿನ ಪೆಗಿಯ 18 ಬಂತು. ಸುಮಾರು ಹದಿನಾಲ್ಕು ತಿಂಗಳ ನಂತರ ಅದೇ ಆಟಕ್ಕೆ ಟೀನ್ (13 ಮತ್ತು ಮೇಲಿನವರಿಗೆ) ಮತ್ತು 16 ಬಂತು. ಕಥೆ ಬದಲಾಗಿಲ್ಲ. ಸಾಯುವವರೆಲ್ಲ ಈಗಲೂ ಸಾಯುತ್ತಾರೆ. ಆಟ ಮಾತ್ರ ಮೊದಲಿಗಿಂತ ಜಾಸ್ತಿ ಹೆದರಿಸುತ್ತದೆ. "ರಕ್ತ ತೆಗೆದರೆ ಇದು ಹಲ್ಲು ಕಿತ್ತ ಹಾವು" ಅಂತ ಪಬ್ಲಿಷರ್ ಕಡೆಯವರು ಹೇಳಿದ್ದರು. ನಮ್ಮ ಅನಿಮೇಟರ್ ಕೂಡ ಅದನ್ನೇ ಹೇಳಿದ್ದ. ಅದಕ್ಕೇ ಇದನ್ನು ಬರೆಯಬೇಕು ಅನ್ನಿಸಿತು.

ಆಟ ಹೀಗಿದೆ. ನೀರು ನುಗ್ಗಿದ ಗಣಿಯೊಳಗೆ ಒಬ್ಬ ಕಾರ್ಮಿಕ ಸಿಕ್ಕಿಬಿದ್ದಿದ್ದಾನೆ. ಕೈಯಲ್ಲಿ ಪಿಕಾಸಿ. ಎದುರು ಬರುವವರು ಅವನ ಜೊತೆಯವರೇ, ಗಾಳಿ ಕೆಟ್ಟು ತಲೆ ಕೆಟ್ಟವರು. ನಾವು ಐದು ಜನರ ತಂಡ. ಫಿನಿಶರ್ ಅನಿಮೇಷನ್‌ಗಳೇ, ಅಂದರೆ ಕೊನೆಯ ಏಟಿನಲ್ಲಿ ಕೊಲ್ಲುವ ದೃಶ್ಯಗಳೇ, ಹತ್ತಿರ ಹತ್ತಿರ ನಲವತ್ತು ಇದ್ದವು. ಕುತ್ತಿಗೆ, ಪಕ್ಕೆಲುಬು, ದವಡೆ, ಎಲ್ಲ ಇತ್ತು. ಒಳ್ಳೆ ಕೆಲಸವೇ, ಸುಳ್ಳು ಹೇಳೋದಿಲ್ಲ. ಆದರೆ ಪಬ್ಲಿಷರ್ ಕೊಡಬೇಕಿದ್ದ ಕೊನೆಯ ಕಂತಿನ ದುಡ್ಡಿಗೆ ಷರತ್ತು ಟೀನ್ ರೇಟಿಂಗ್ ಆಗಿತ್ತು. ಆ ಕಂತು ಇಲ್ಲದಿದ್ದರೆ ಮೂರು ತಿಂಗಳಿಗೆ ಬಾಗಿಲು ಹಾಕಬೇಕಿತ್ತು.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಸೆಟ್ಟಿಂಗ್ಸ್‌ನಲ್ಲಿ ರಕ್ತ ಆನ್, ಆಫ್ ಅಂತ ಒಂದು ಸ್ವಿಚ್ ಇಟ್ಟೆವು, ಶುರುವಿನಲ್ಲೇ ಆಫ್. ಇದರಿಂದ ಏನೂ ಆಗಲಿಲ್ಲ. ರೇಟಿಂಗ್ ಕೊಡುವವರು ಆಟದಲ್ಲಿರುವ ಅತಿ ಕೆಟ್ಟ ದೃಶ್ಯ ಯಾವುದು ಅಂತ ನೋಡುತ್ತಾರೆ. ಸ್ವಿಚ್ ಎಲ್ಲಿದೆ ಅನ್ನೋದು ಅವರಿಗೆ ಮುಖ್ಯ ಅಲ್ಲ. ಹಳೆಯ ಟೆಕ್ಸ್ಚರ್‌ಗಳನ್ನು (ಮೇಲ್ಮೈಗೆ ಅಂಟಿಸುವ ಚಿತ್ರಗಳು) ಬಿಲ್ಡ್‌ನಲ್ಲಿ, ಅಂದರೆ ಆಡಲು ಸಿದ್ಧವಾದ ಆವೃತ್ತಿಯಲ್ಲಿ, ಬಚ್ಚಿಡುವುದಂತೂ ಬೇಡವೇ ಬೇಡ. 2005ರಲ್ಲಿ ಜಿಟಿಎ ಸ್ಯಾನ್ ಆಂಡ್ರಿಯಾಸ್‌ನೊಳಗೆ ಮುಚ್ಚಿಟ್ಟ ದೃಶ್ಯವನ್ನು ಮಾಡ್ ಮಾಡುವವರು, ಅಂದರೆ ಆಟದ ಫೈಲ್ ತಿದ್ದುವ ಆಟಗಾರರು, ಹೊರಗೆ ತೆಗೆದರು, ಆಟ ಮೆಚ್ಯೂರ್‌ನಿಂದ ಅಡಲ್ಟ್ಸ್ ಓನ್ಲಿಗೆ ಹೋಯಿತು. ಮರುವರ್ಷ ಆಬ್ಲಿವಿಯನ್ ಅನ್ನೋ ಆಟವೂ ಹೀಗೇ ಬಿಡುಗಡೆಯಾದ ಮೇಲೆ ಟೀನ್‌ನಿಂದ ಮೆಚ್ಯೂರ್‌ಗೆ ಏರಿತು. ಅಷ್ಟು ದೊಡ್ಡವರಿಗೇ ಹಾಗಾದರೆ ನಮ್ಮಂಥವರ ಗತಿ ಏನು? ಒಂದು ಇಡೀ ವಾರ ಕೂತು ಪ್ರಾಜೆಕ್ಟ್ ಫೋಲ್ಡರ್ ಗುಡಿಸಿದೆವು. ಸುಮಾರು 600 ಫೈಲ್ ಹೋಯಿತು.

ಎರಡನೆಯದು ಬಣ್ಣ. ಕಾರ್ ಗುದ್ದಾಟದ ಆಟ ಕಾರ್ಮಗೆಡನ್ 1997ರಲ್ಲಿ ಬ್ರಿಟನ್‌ನಲ್ಲಿ ದಾರಿಹೋಕರನ್ನು ಹಸಿರು ರಕ್ತದ ಜಾಂಬಿಗಳನ್ನಾಗಿ ಮಾಡಿದ್ದು ನಿಮಗೆ ಗೊತ್ತೇ ಇದೆ. ಸೂಪರ್ ನಿಂಟೆಂಡೊ ಕನ್ಸೋಲ್‌ಗೆ ಬಂದ ಮೊದಲ ಮಾರ್ಟಲ್ ಕಾಂಬ್ಯಾಟ್‌ನಲ್ಲಿ ರಕ್ತದ ಜಾಗದಲ್ಲಿ ಬೂದು ಬೆವರು ಹಾರುತ್ತಿತ್ತು. ನಾವು ಕಪ್ಪು ಮಾಡಿದೆವು, ಕಲ್ಲಿದ್ದಲ ಮಸಿ ಅಂತ ಕಥೆಯನ್ನೂ ಕಟ್ಟಿದೆವು. ನೋಡೋಕೆ ಚೆನ್ನಾಗಿತ್ತು. ಆದರೆ ಮನುಷ್ಯನ ಆಕಾರ ಇದೆ, ಮನುಷ್ಯನ ಕಿರುಚಾಟ ಇದೆ, ದೇಹದೊಳಗೆ ಪಿಕಾಸಿ ಇಳಿಯುವ ಕ್ಲೋಸಪ್ ಇದೆ. ಪ್ರಶ್ನೆಗಳಿಗೆ ಪ್ರಾಮಾಣಿಕವಾಗಿ ಉತ್ತರ ಬರೆದರೆ ಬಣ್ಣದಿಂದ ಏನೂ ಇಳಿಯಲಿಲ್ಲ. ಬಣ್ಣ, ಹೊಳಪು ಮೂಡಿಸುವ ಶೇಡರ್ ಕೋಡ್‌ಗೆ ಹೊರಗಿನವರಿಗೆ ಕೊಟ್ಟ ದುಡ್ಡು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಮೂರನೆಯದು ರೋಬೋಟ್. ಕಾಂಟ್ರಾ ಆಟ ಯುರೋಪ್‌ನಲ್ಲಿ ಮನುಷ್ಯರ ಜಾಗಕ್ಕೆ ರೋಬೋಟ್ ಹಾಕಿ ಪ್ರೋಬೋಟೆಕ್ಟರ್ ಆಗಿತ್ತು, ಹಾಫ್-ಲೈಫ್‌ನ ಸೈನಿಕರು ಜರ್ಮನಿಯಲ್ಲಿ ಯಂತ್ರಗಳಾಗಿದ್ದರು. ಆ ಆಟಗಳಿಗೆ ಅದು ನಡೆಯುತ್ತದೆ. ನಮಗೆ ನಡೆಯಲಿಲ್ಲ. "ನಿನ್ನ ಮಗಳ ಹೆಸರೇನು ಅಂದಿದ್ದೆ?" ಅಂತ ಕೇಳುತ್ತಾ ಬರುವ ಜೊತೆಗಾರನನ್ನು ತಗಡಿನ ಡಬ್ಬ ಮಾಡಿದರೆ ಆಟದಲ್ಲಿ ಉಳಿಯೋದೇನು? ಎರಡು ವಾರಕ್ಕೆ ಕೈಬಿಟ್ಟೆವು.

ನಾಲ್ಕನೆಯ ಪ್ರಯೋಗದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಅದು ರೇಟಿಂಗ್ ಇಳಿಸಿತು, ಆದರೆ ಆಟವನ್ನು ಕೊಂದಿತು.

ಹೊಡೆದ ತಕ್ಷಣ ಎದುರಾಳಿ ಧೂಳಾಗಿ ಹೋಗುವ ಹಾಗೆ ಮಾಡಿದೆವು. ರಕ್ತವಿಲ್ಲ, ಹೆಣವಿಲ್ಲ, ಕಿರುಚಾಟವಿಲ್ಲ. ಪ್ರಶ್ನಾವಳಿಯಲ್ಲಿ ಎಲ್ಲದಕ್ಕೂ ಇಲ್ಲ, ಇಲ್ಲ. ಖುಷಿಯೋ ಖುಷಿ. ಆಮೇಲೆ ಹನ್ನೆರಡು ಜನರಿಗೆ ಆಡಿಸಿದೆವು. ರಕ್ತ ಇದ್ದ ಹಳೆಯ ಬಿಲ್ಡ್‌ನಲ್ಲಿ ಒಬ್ಬೊಬ್ಬರು ಗಂಟೆಗೆ ಇಪ್ಪತ್ತು ಜನರನ್ನು ಕೊಲ್ಲುತ್ತಿದ್ದರು, ನೆನಪಿರುವಂತೆ. ಧೂಳಿನ ಬಿಲ್ಡ್‌ನಲ್ಲಿ ಅದು ನಲವತ್ತು ದಾಟಿತು. ಬಚ್ಚಿಟ್ಟುಕೊಂಡು ದಾಟಬಹುದಾದ ಜಾಗದಲ್ಲೂ ಸುಮ್ನೆ ಹೋಗಿ ಹೊಡೆಯುತ್ತಿದ್ದರು. ಒಬ್ಬ ಹುಡುಗಿ ಹಾಡು ಗುನುಗುತ್ತಾ ಹೊಡೆಯುತ್ತಿದ್ದಳು. ಕೈ ಮುಗಿದು ಕೂತವನೊಬ್ಬ ಮೂರನೇ ಸುರಂಗದಲ್ಲಿದ್ದಾನೆ, ಅವನನ್ನೂ ಧೂಳು ಮಾಡಿ ಮುಂದೆ ಹೋದಳು. ತಿರುಗಿ ನೋಡಲಿಲ್ಲ. ಅವಳ ತಪ್ಪಲ್ಲ. ತಿರುಗಿ ನೋಡೋಕೆ ನಾವು ಅಲ್ಲಿ ಏನನ್ನೂ ಉಳಿಸಿರಲಿಲ್ಲ.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಚಿಕ್ಕವರಿಗೆ ಸೂಕ್ತ ಅಂತ ಚೀಟಿ ಹಚ್ಚಿಸಿಕೊಳ್ಳುವ ಆತುರದಲ್ಲಿ ನಾವು ಕೊಲ್ಲುವುದನ್ನು ಹಗುರ ಮಾಡಿದ್ದೆವು. ಹಳೆಯ ಬಿಲ್ಡ್ ಅಸಹ್ಯವಾಗಿತ್ತು, ನಿಜ. ಆದರೆ ಅದರಲ್ಲಿ ಒಂದು ಸಾವಿಗೆ ತೂಕ ಇತ್ತು. ಧೂಳಿನದು ನೋಡೋಕೆ ಸ್ವಚ್ಛ, ಒಳಗೆ ಹೆಚ್ಚು ಕ್ರೂರ. ಈ ವಿಷಯದಲ್ಲಿ ನಾನು ಯಾರ ಜೊತೆ ಬೇಕಾದರೂ ವಾದಕ್ಕೆ ಕೂರುತ್ತೇನೆ.

ಹಾಗಾದರೆ ತೂಕವನ್ನು ಬೇರೆ ಎಲ್ಲಿಗೆ ಹಾಕೋದು? ಉತ್ತರ ನಮ್ಮ ಕಣ್ಣೆದುರೇ ಇತ್ತು: ಹೆಲ್ಮೆಟ್ ದೀಪ. ಗಣಿಯಲ್ಲಿ ಪ್ರತಿಯೊಬ್ಬರ ತಲೆಯ ಮೇಲೂ ಒಂದು ದೀಪ. ಆ ಸುರಂಗಗಳಲ್ಲಿ ಬೇರೆ ಬೆಳಕೇ ಇಲ್ಲ. ಒಬ್ಬನನ್ನು ಕೊಂದರೆ ಅವನ ದೀಪ ಆರುತ್ತದೆ. ಸುರಂಗದ ಆ ಮೂಲೆ ಆಟ ಮುಗಿಯುವವರೆಗೂ ಕತ್ತಲೆ.

ಗಣಿಯ ಮೇಸ್ತ್ರಿ ಸಾಯುವ ದೃಶ್ಯ ನೋಡಿ. ಮೊದಲು ಪಿಕಾಸಿ ಅವನ ಕುತ್ತಿಗೆಗೆ ಇಳಿಯುತ್ತಿತ್ತು, ಕ್ಯಾಮೆರಾ ಎರಡಡಿ ದೂರದಲ್ಲಿ. ಈಗ ಕ್ಯಾಮೆರಾ ಪಿಕಾಸಿ ಎತ್ತುವವರೆಗೆ ಮಾತ್ರ ಅವನ ಮೇಲಿದೆ. ಏಟು ಬೀಳುವಾಗ ನಮಗೆ ಕಾಣೋದು ಎದುರಿನ ಒದ್ದೆ ಗೋಡೆ. ಅದರ ಮೇಲೆ ಅವನ ದೀಪದ ಬೆಳಕಿನ ವೃತ್ತ ಒಮ್ಮೆ ಮೇಲಕ್ಕೆ ಹಾರಿ, ಕೆಳಗೆ ಬಿದ್ದು, ನೀರಿನ ಮೇಲೆ ಅಲುಗಾಡುತ್ತದೆ. ಹಳದಿ ಆಗುತ್ತದೆ. ಕಂದು ಆಗುತ್ತದೆ. ಆಮೇಲೆ ಇಲ್ಲ. ಕಿರುಚಾಟ ತೆಗೆದೆವು, ಒಂದು ಉಸಿರು ಇಟ್ಟೆವು. ಆ ಉಸಿರಿಗೂ ದೀಪ ಆರುವುದಕ್ಕೂ ನಡುವೆ ಎಷ್ಟು ಫ್ರೇಮ್ ಮೌನ ಇದೆ ಅನ್ನೋದು ನನ್ನ ಹತ್ತಿರವೇ ಇರಲಿ. ಅದಕ್ಕೆ ಎರಡು ತಿಂಗಳು ತಲೆ ಕೆಡಿಸಿಕೊಂಡಿದ್ದೇನೆ.

ಹೆಣ ಮಾಯವಾಗೋದಿಲ್ಲ, ಇದು ಮುಖ್ಯ. ಕತ್ತಲಲ್ಲಿ ಅಲ್ಲೇ ಇರುತ್ತದೆ. ವಾಪಸ್ ಬರುವಾಗ ಕಾಲಿಗೆ ತಾಗುತ್ತದೆ, ನೀರು ಚಿಮ್ಮುವ ಸದ್ದು ಬದಲಾಗುತ್ತದೆ. ಅಷ್ಟೇ.

ಅದೇ ಹನ್ನೆರಡು ಜನರಿಗೆ ಮತ್ತೆ ಆಡಿಸಿದೆವು. ಗಂಟೆಗೆ ಏಳೆಂಟು ಕೊಲೆ. ಒಬ್ಬ ಕೊಲ್ಲುವ ಮೊದಲು ಕಂಟ್ರೋಲರ್ ಕೆಳಗಿಟ್ಟು ಯೋಚನೆ ಮಾಡಿದ. ಹಾಡು ಗುನುಗಿದ ಹುಡುಗಿ ಕೈ ಮುಗಿದವನನ್ನು ಬಿಟ್ಟು ಹೋದಳು. "ಅವನ ಬೆಳಕು ಬೇಕು" ಅಂದಳು. ಆಗ ನಮ್ಮ ಅನಿಮೇಟರ್ ಮುಖ ನೋಡಬೇಕಿತ್ತು.

ಅವನಿಗೆ ನೋವಾಗಿದ್ದೂ ಹೌದು. ನಲವತ್ತರಲ್ಲಿ ಮೂವತ್ತೊಂದು ಫಿನಿಶರ್ ಕಸಕ್ಕೆ ಹೋದವು. ಅವನ ಏಳು ತಿಂಗಳ ಕೆಲಸ. ದುಡ್ಡಿನ ಲೆಕ್ಕದಲ್ಲಿ ಒಟ್ಟು ಬಜೆಟ್‌ನ ಆರನೇ ಒಂದು ಭಾಗ. ಲೈಟಿಂಗ್ ಮತ್ತೆ ಮಾಡಲು ಇನ್ನೊಂದು ಹತ್ತನೇ ಭಾಗ ಹೋಯಿತು, ಏಕೆಂದರೆ ಬೇಕ್ ಮಾಡಿದ, ಅಂದರೆ ಮೊದಲೇ ಲೆಕ್ಕ ಹಾಕಿಟ್ಟ, ಬೆಳಕೆಲ್ಲ ವ್ಯರ್ಥ, ಪ್ರತಿ ದೀಪವೂ ಆಟದಲ್ಲೇ ಲೆಕ್ಕ ಆಗಬೇಕು. ಅಗ್ಗದ ಕನ್ಸೋಲ್‌ನಲ್ಲಿ ಫ್ರೇಮ್‌ರೇಟ್ ಸೆಕೆಂಡಿಗೆ 22 ಚಿತ್ರಕ್ಕೆ ಕುಸಿಯಿತು. ಅದಕ್ಕೇ ಒಂದು ದೃಶ್ಯದಲ್ಲಿ ನಿಜವಾದ ನೆರಳು ಬೀಳಿಸುವ ದೀಪ ನಾಲ್ಕೇ, ಉಳಿದವು ಸುಳ್ಳು. ಸುಳ್ಳು ಹೇಗೆ ಅಂತ ಕೇಳಬೇಡಿ, ಮುಂದಿನ ಆಟಕ್ಕೂ ಅದು ಬೇಕು.

ಪ್ರಶ್ನಾವಳಿ ಪುಕ್ಕಟೆ, ಅದೊಂದು ಸಮಾಧಾನ. ತುಂಬೋಕೆ ಅರ್ಧ ಗಂಟೆ. ಅದನ್ನು ಆಟ ಮುಗಿದ ಮೇಲೆ ತೆರೆದಿದ್ದೇ ನಮ್ಮ ದೊಡ್ಡ ತಪ್ಪು.

ಇಷ್ಟೆಲ್ಲ ಆದ ಮೇಲೂ ಪೆಗಿ 18ರಿಂದ ಇಳಿಯಲಿಲ್ಲ! ತಲೆ ಮೇಲೆ ಕೈ ಹೊತ್ತು ಕೂತೆವು. ಹುಡುಕಿದರೆ ಕಾರಣ ರಕ್ತವಲ್ಲ, ದಾಳ. ಕಾರ್ಮಿಕರು ಊಟದ ಹೊತ್ತಿಗೆ ಪಂದ್ಯ ಕಟ್ಟಿ ದಾಳ ಎಸೆಯುವ ಒಂದು ಚಿಕ್ಕ ಆಟವನ್ನು ನಾನೇ ವಾರಾಂತ್ಯದಲ್ಲಿ ಸೇರಿಸಿದ್ದೆ. 2020ರಿಂದ ಜೂಜು ಕಲಿಸುವ ಆಟಗಳಿಗೆ ಪೆಗಿ ನೇರವಾಗಿ 18 ಕೊಡುತ್ತದೆ. ಬಲಾಟ್ರೊ ಅನ್ನೋ ಇಸ್ಪೀಟಿನ ವಿಡಿಯೋ ಆಟ ನೆನಪಿದೆಯಲ್ವಾ? ಅದರಲ್ಲಿ ಹಣ ಕಟ್ಟುವುದೇ ಇಲ್ಲ, ಆದರೂ ಪೋಕರ್ ಎಲೆಗಳ ಜೋಡಣೆಯ ಕಾರಣಕ್ಕೆ 2024ರಲ್ಲಿ 18 ಬಿತ್ತು. ಮೇಲ್ಮನವಿ ಹಾಕಿದ ಮೇಲೆ 2025ರಲ್ಲಿ 12ಕ್ಕೆ ಇಳಿಯಿತು. ಆಸ್ಟ್ರೇಲಿಯಾದಲ್ಲೂ 2024ರ ಸೆಪ್ಟೆಂಬರ್‌ನಿಂದ ಜೂಜಿನ ಅನುಕರಣೆ ಇದ್ದರೆ ಆರ್18+, ಅಂದರೆ ವಯಸ್ಕರಿಗೆ ಮಾತ್ರ. ಮೇಲ್ಮನವಿಗೆ ನಮಗೆ ಸಮಯ ಇರಲಿಲ್ಲ. ಪಂದ್ಯ ತೆಗೆದು, ದಾಳ ಎಸೆದು ಯಾರು ಮೊದಲು ಮೇಲೆ ಹೋಗಬೇಕು ಅಂತ ತೀರ್ಮಾನಿಸುವ ಹಾಗೆ ಮಾಡಿದೆ. ಕಥೆಗೆ ಇದೇ ಚೆನ್ನಾಗಿ ಕೂತಿತು.

ಹಾಗೇ ನೋವಿನ ಇಂಜೆಕ್ಷನ್ ಒಂದಿತ್ತು, ಅದಕ್ಕೆ ಮಾರ್ಫಿನ್ ಅಂತಲೇ ಹೆಸರು. ಫಾಲ್‌ಔಟ್ 3 ಆಟಕ್ಕೆ ಆಸ್ಟ್ರೇಲಿಯಾದಲ್ಲಿ ಮೊದಲು ರೇಟಿಂಗ್ ನಿರಾಕರಿಸಿದ್ದು ಇಂಥದ್ದಕ್ಕೇ. ಆಮೇಲೆ ಆ ಆಟದ ಮಾರ್ಫಿನ್ ಎಲ್ಲ ಕಡೆ ಮೆಡ್-ಎಕ್ಸ್ ಅನ್ನೋ ಹೆಸರಿಗೆ ಬದಲಾಯಿತು. ನಾವು ಬ್ಯಾಂಡೇಜ್ ಮಾಡಿ ಮುಗಿಸಿದೆವು.

ಒಂದೇ ಉತ್ತರಕ್ಕೆ ಇಎಸ್‌ಆರ್‌ಬಿ ಟೀನ್, ಪೆಗಿ 16 ಯಾಕೆ ಅಂತ ಪಬ್ಲಿಷರ್ ಕೇಳಿದರು. ಒಬ್ಬೊಬ್ಬರ ಅಳತೆಗೋಲು ಒಂದೊಂದು. ಮನುಷ್ಯರ ಮೇಲಿನ ಹಿಂಸೆ ನಿಜದಂತೆ ಕಂಡರೆ ಪೆಗಿ 16ಕ್ಕಿಂತ ಕೆಳಗೆ ಬರೋದು ಕಷ್ಟ. 12 ಬೇಕಿದ್ದರೆ ಮತ್ತೆ ಧೂಳಿಗೆ ಹೋಗಬೇಕಿತ್ತು. ನಾನು ಒಪ್ಪಲಿಲ್ಲ. ಷರತ್ತಿನಲ್ಲಿ ಇದ್ದದ್ದು ಟೀನ್ ಮಾತ್ರ.

ಕಂತು ಬಂತು. ದೀಪಗಳಿಗೆ ಹಾಕಿದ ದುಡ್ಡು ಬಿಡುಗಡೆಯಾಗಿ ಏಳನೇ ತಿಂಗಳಿಗೆ ವಾಪಸ್ ಬಂತು. ಫಿನಿಶರ್‌ಗಳ ದುಡ್ಡು ಇನ್ನೂ ಬಂದಿಲ್ಲ. ಆಟಗಾರರು ಬರೆಯುವ ವಿಮರ್ಶೆಗಳಲ್ಲಿ ರಕ್ತ ಯಾಕಿಲ್ಲ ಅಂತ ಕೇಳಿದವರು ನಾನು ಓದಿದ ಮಟ್ಟಿಗೆ ಇಬ್ಬರೇ. ಮೇಸ್ತ್ರಿಯ ದೀಪ ಆರದ ಹಾಗೆ ಆಟ ಮುಗಿಸೋಕೆ ದಾರಿ ಇದೆಯಾ ಅಂತ ಕೇಳಿದವರು ಲೆಕ್ಕವಿಲ್ಲದಷ್ಟು. ದಾರಿ ಇದೆ. ಎರಡನೇ ಸುರಂಗದಲ್ಲಿ ದಾಳ ಎಸೆಯುವವರ ಜೊತೆ ಸ್ವಲ್ಪ ಹೊತ್ತು ಕೂರಿ.