ರಾತ್ರಿ ಕೆಲಸಕ್ಕೆ ಟಾರ್ಚ್: ಲುಮೆನ್ ನೋಡುವ ಮೊದಲು ಸೆಲ್ ನೋಡಿ

ರಾತ್ರಿ ಪಾಳಿಯ ತ್ರೀಫೇಸ್ ಬಂದಾಗ ಪಂಪ್‌ಸೆಟ್ ಹಾಕಲು ಹೋಗುವವರು, ಬೆಳಗಿನ ಜಾವ ರಬ್ಬರ್ ಟ್ಯಾಪಿಂಗ್‌ಗೆ ಇಳಿಯುವವರು, ಕಾಡಂಚಿನ ಗದ್ದೆಯಲ್ಲಿ ಹಂದಿ ಕಾಯುವವರು ಟಾರ್ಚ್ ಇಲ್ಲದೆ ಹೊಸ್ತಿಲು ದಾಟುವುದಿಲ್ಲ. ಆದರೂ ಜೂನ್‌ನಲ್ಲಿ ಕೊಂಡ ಎಷ್ಟೋ ಟಾರ್ಚ್‌ಗಳು ದೀಪಾವಳಿಯ ಹೊತ್ತಿಗೆ ಮೂಲೆ ಸೇರಿರುತ್ತವೆ. ಎಲ್‌ಇಡಿ ಸುಟ್ಟು ಟಾರ್ಚ್ ಹಾಳಾಗುವುದು ಅಪರೂಪ. ಕೈಕೊಡುವುದು ಸೆಲ್, ಚಾರ್ಜಿಂಗ್ ಪೋರ್ಟ್ ಮತ್ತು ಸ್ವಿಚ್. ಅಂಗಡಿಯಲ್ಲಿ ಈ ಮೂರನ್ನೂ ಬಿಟ್ಟು ಪೆಟ್ಟಿಗೆಯ ಮೇಲಿನ ಲುಮೆನ್ (ಹೊರಬರುವ ಒಟ್ಟು ಬೆಳಕಿನ ಅಳತೆ) ಅಂಕಿಯನ್ನೇ ನೋಡಿ ದುಡ್ಡು ಕೊಡುವುದರಿಂದ ಹೀಗಾಗುತ್ತದೆ.

‘ಹಂಟಿಂಗ್ ಟಾರ್ಚ್’ ಎಂಬ ಹೆಸರಿನಲ್ಲಿ ಆನ್‌ಲೈನ್‌ನಲ್ಲಿ ಬೇಕಾದಷ್ಟು ಮಾಲು ಸಿಗುತ್ತದೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಶಿಕಾರಿ ಅಪರಾಧ. ಅಂಥ ಟಾರ್ಚ್‌ನಿಂದ ರೈತನಿಗೆ ಸಿಗುವ ಪ್ರಯೋಜನವೆಂದರೆ ಅದರ ಬೆಳಕು ಕಿರಿದಾಗಿ ದೂರ ಹೋಗುತ್ತದೆ, ಹೊಲದ ಆಚೆ ಅಂಚನ್ನು ನಿಂತಲ್ಲಿಂದಲೇ ನೋಡಬಹುದು.

ಹಂತ 1: ಕೆಲಸ ಯಾವುದು?

ಬದುವಿನ ಮೇಲೆ ನಡೆಯಲು 50ರಿಂದ 100 ಲುಮೆನ್ ಧಾರಾಳ. ಸ್ಟಾರ್ಟರ್ ಪೆಟ್ಟಿಗೆ ತೆರೆದು ನೋಡಲು, ಡ್ರಿಪ್ ಪೈಪ್ ಸೋರುವ ಜಾಗ ಹುಡುಕಲು 200 ಸಾಕು. ಎರಡೂ ಕೈ ಬೇಕಾದ ಕೆಲಸಕ್ಕೆ ಹೆಡ್‌ಲ್ಯಾಂಪ್ ತೆಗೆದುಕೊಳ್ಳಿ, ಅದರ ಜೊತೆಗೆ ಕೈಟಾರ್ಚ್ ಒಂದಿರಲಿ. ಮಂಜು, ಜಡಿಮಳೆಯಲ್ಲಿ ಹಣೆಯ ಮೇಲಿನ ದೀಪ ಎದುರಿನ ಹನಿಗಳನ್ನೇ ಬೆಳಗಿ ಕಣ್ಣು ಕುಕ್ಕಿಸುತ್ತದೆ.

ಹಂತ 2: ಸೆಲ್

ಹೆಚ್ಚಿನವರು ಎಡವುವುದು ಇಲ್ಲಿ. ಮೊದಲು ಕೇಳಬೇಕಾದ ಪ್ರಶ್ನೆ: ಸೆಲ್ ಹೊರಗೆ ತೆಗೆಯಲು ಬರುತ್ತದೆಯೇ? ಬರುವುದಿಲ್ಲ ಎಂದರೆ ಆ ಟಾರ್ಚ್ ಬೇಡ. ಲಿಥಿಯಂ ಸೆಲ್ ಕೆಲವು ನೂರು ಸಲ ಚಾರ್ಜ್ ಆದಮೇಲೆ ಸೊರಗುತ್ತದೆ. ಸೆಲ್ ಬದಲಿಸಲು ಬಂದರೆ ಟಾರ್ಚ್ ಹಲವು ವರ್ಷ ಬಾಳುತ್ತದೆ, ಬರದಿದ್ದರೆ ಸೆಲ್ ಜೊತೆಗೆ ಇಡೀ ಟಾರ್ಚ್ ಗುಜರಿಗೆ ಹೋಗುತ್ತದೆ.

ಸಂತೆಯಲ್ಲಿ ಸಿಗುವ ದಪ್ಪ ಪ್ಲಾಸ್ಟಿಕ್ ಟಾರ್ಚ್‌ಗಳ ಒಳಗೆ ಹೆಚ್ಚಾಗಿ 4 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿ ಇರುತ್ತದೆ. ಪೂರ್ತಿ ಖಾಲಿಯಾದ ಲೆಡ್ ಆಸಿಡ್ ಬ್ಯಾಟರಿಯನ್ನು ಹಾಗೆಯೇ ಕೆಲವು ವಾರ ಇಟ್ಟರೆ ಒಳಗಿನ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜ್ ಹಾಕಿದರೂ ಹತ್ತು ನಿಮಿಷದಲ್ಲಿ ಮಂಕು. ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಎರಡು ಪಿನ್ ನೇರ ಗೋಡೆಯ ಸಾಕೆಟ್‌ಗೆ ಸಿಕ್ಕಿಸುವ ಅಗ್ಗದ ಟಾರ್ಚ್‌ಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ, ಒಂದು ಕೆಪ್ಯಾಸಿಟರ್ ಮೂಲಕವೇ 230 ವೋಲ್ಟ್ ಒಳಗೆ ಬರುತ್ತದೆ. ಪ್ಲಾಸ್ಟಿಕ್ ಮೈ ಬಿರುಕು ಬಿಟ್ಟಿದ್ದರೆ ಚಾರ್ಜ್ ಆಗುವಾಗ ಮುಟ್ಟಿದವರಿಗೆ ಶಾಕ್ ಹೊಡೆಯಬಹುದು. ಮಕ್ಕಳಿರುವ ಮನೆಗೆ ಇದನ್ನು ತರಲೇಬಾರದು.

ತೆಗೆದುಕೊಳ್ಳಬೇಕಾದದ್ದು 18650 ಅಥವಾ 21700 ಲಿಥಿಯಂ ಅಯಾನ್ ಸೆಲ್ ಹಾಕುವ ಟಾರ್ಚ್. ಈ ಅಂಕಿಗಳು ಸೆಲ್‌ನ ಅಳತೆ: ಮೊದಲನೆಯದು 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ, ಎರಡನೆಯದು 21 ಮತ್ತು 70. ಅಂಗೈ ಸಣ್ಣದಿದ್ದವರಿಗೆ 18650 ಒಪ್ಪುತ್ತದೆ. ರಾತ್ರಿಯಿಡೀ ಕಾವಲು ಕೂರುವವರಿಗೆ 21700 ಒಳ್ಳೆಯದು.

ಈಗ ಸಾಮರ್ಥ್ಯ. 18650 ಅಳತೆಯ ಅಸಲಿ ಸೆಲ್‌ಗಳಲ್ಲಿ ನಿಮಗೆ ಸಾಮಾನ್ಯವಾಗಿ ಸಿಗುವ ಗರಿಷ್ಠ ಸುಮಾರು 3500 ಎಂಎಎಚ್ (ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ). 2600ರಿಂದ 3000 ಇದ್ದರೂ ಒಳ್ಳೆಯ ಸೆಲ್ಲೇ. ಮೇಲೆ 6800, 9900 ಎಂದು ಅಚ್ಚಾಗಿದ್ದರೆ ಅದು ಸುಳ್ಳು, ಬೇರೆ ಪರೀಕ್ಷೆಯೇ ಬೇಡ. ಅಂಥವುಗಳ ಒಳಗೆ 1000 ಎಂಎಎಚ್ ಕೂಡ ಇರದಿರಬಹುದು. ಅಂಕಿ ನಂಬುವಂತಿದ್ದರೂ ತೂಕ ನೋಡಿ. ಅಸಲಿ 18650 ಸುಮಾರು 45ರಿಂದ 48 ಗ್ರಾಂ, 21700 ಸುಮಾರು 70 ಗ್ರಾಂ ತೂಗುತ್ತದೆ. ಚಿನ್ನದ ಅಂಗಡಿಯ ತಕ್ಕಡಿ ಬೇಕಿಲ್ಲ, ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. 18650 ಸೆಲ್ 35 ಗ್ರಾಂ ಒಳಗೆ ತೂಗಿದರೆ ವಾಪಸ್ ಕೊಡಿ. ಸೆಲ್ ಮೇಲೆ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಗುರುತು ಮತ್ತು ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆಯೂ ಇರಬೇಕು. ಭಾರತದಲ್ಲಿ ಮಾರುವ ಇಂಥ ಸೆಲ್‌ಗಳಿಗೆ ಐಎಸ್ 16046 ಮಾನಕದಡಿ ಅದು ಕಡ್ಡಾಯ.

ಎಷ್ಟು ಹೊತ್ತು ಉರಿಯುತ್ತದೆ ಎಂಬುದನ್ನು ಅಂಗಡಿಯಲ್ಲೇ ಬೆರಳೆಣಿಸಿ ಹೇಳಬಹುದು. ಎಂಎಎಚ್ ಅನ್ನು 1000ದಿಂದ ಭಾಗಿಸಿ 3.6ರಿಂದ ಗುಣಿಸಿದರೆ ಸೆಲ್‌ನಲ್ಲಿರುವ ವ್ಯಾಟ್-ಗಂಟೆ ಸಿಗುತ್ತದೆ. 3000 ಎಂಎಎಚ್ ಎಂದರೆ 10.8 ವ್ಯಾಟ್-ಗಂಟೆ. ಒಳ್ಳೆಯ ಎಲ್‌ಇಡಿ ಒಂದು ವ್ಯಾಟ್‌ಗೆ ಸುಮಾರು 100 ಲುಮೆನ್ ಕೊಡುತ್ತದೆ ಎಂದು ಹಿಡಿಯಿರಿ. ಹಾಗಾದರೆ 300 ಲುಮೆನ್‌ಗೆ 3 ವ್ಯಾಟ್, ಮೂರೂವರೆ ಗಂಟೆ. 1000 ಲುಮೆನ್‌ಗೆ 10 ವ್ಯಾಟ್, ಒಂದು ಗಂಟೆಯ ಮೇಲೆ ಸ್ವಲ್ಪ. ‘1000 ಲುಮೆನ್, 10 ಗಂಟೆ’ ಎಂದು ಬರೆದಿದ್ದರೆ ಆ ಎರಡು ಅಂಕಿ ಒಂದೇ ಮೋಡ್‌ನವಲ್ಲ.

ಒಳ್ಳೆಯ ಕಂಪನಿಗಳ ಅಂಕಿಯಲ್ಲೂ ಒಂದು ಸೂಕ್ಷ್ಮ ಇದೆ. ಎಎನ್‌ಎಸ್‌ಐ ಎಫ್‌ಎಲ್1 ಎಂಬ ಮಾನಕದ ಪ್ರಕಾರ ರನ್‌ಟೈಮ್ ಎಂದರೆ ಬೆಳಕು ಆರಂಭದ ಶೇ 10ಕ್ಕೆ ಇಳಿಯುವವರೆಗಿನ ಹೊತ್ತು. ಜೊತೆಗೆ, ಒಂಟಿ 18650 ಸೆಲ್‌ನ ಸಣ್ಣ ಟಾರ್ಚ್ ‘ಟರ್ಬೊ’ ಎಂಬ ಅತಿ ಪ್ರಖರ ಮೋಡ್‌ನಲ್ಲಿ ಒಂದೆರಡು ನಿಮಿಷ ಉರಿಯುವಷ್ಟರಲ್ಲಿ ಮೈ ಕಾಯುತ್ತದೆ, ಒಳಗಿನ ಸರ್ಕ್ಯೂಟ್ ತಾನಾಗಿ ಬೆಳಕು ತಗ್ಗಿಸುತ್ತದೆ. ಅದು ದೋಷವಲ್ಲ. ಆ ಗಾತ್ರದ ಟಾರ್ಚ್ ಬಿಡದೆ ಕೊಡಬಲ್ಲದ್ದು ಸಾಮಾನ್ಯವಾಗಿ 400ರಿಂದ 800 ಲುಮೆನ್. ಅದನ್ನೇ ಅದರ ನಿಜವಾದ ಶಕ್ತಿ ಎಂದು ಲೆಕ್ಕ ಹಾಕಿ.

ಬದಲಿ ಸೆಲ್ ಕೊಳ್ಳುವಾಗ ಉದ್ದ ಅಳೆಯಿರಿ. ಒಳಗೆ ರಕ್ಷಣಾ ಸರ್ಕ್ಯೂಟ್ ಇರುವ 18650 ಸೆಲ್ 68ರಿಂದ 70 ಮಿ.ಮೀ. ಉದ್ದ ಇರುತ್ತದೆ, ಕೆಲವು ಟಾರ್ಚ್‌ಗೆ ಹಿಡಿಸುವುದಿಲ್ಲ. ತುದಿ ಚಪ್ಪಟೆಯೋ ಗುಬುಟೋ ಎಂಬುದನ್ನೂ ಹಳೆಯ ಸೆಲ್ ಪಕ್ಕದಲ್ಲಿಟ್ಟು ನೋಡಿ. ಲ್ಯಾಪ್‌ಟಾಪ್ ಬ್ಯಾಟರಿ ಒಡೆದು ತೆಗೆದ ಹಳೇ ಸೆಲ್ ಅಗ್ಗ ಎಂದು ಹಾಕಬೇಡಿ. ಅವುಗಳಲ್ಲಿ ರಕ್ಷಣಾ ಸರ್ಕ್ಯೂಟ್ ಇರುವುದಿಲ್ಲ, ಎಷ್ಟು ಸವೆದಿವೆ ಎಂದು ಹೊರಗಿನಿಂದ ತಿಳಿಯುವುದಿಲ್ಲ.

ಹಂತ 3: ದೂರದ ಲೆಕ್ಕ

ಒಟ್ಟು ಎಷ್ಟು ಬೆಳಕು ಹೊರಬರುತ್ತದೆ ಎಂಬುದು ಲುಮೆನ್, ನಟ್ಟನಡುವೆ ಅದು ಎಷ್ಟು ಒತ್ತಾಗಿದೆ ಎಂಬುದು ಕ್ಯಾಂಡೆಲಾ. ದೂರ ತೀರ್ಮಾನಿಸುವುದು ಕ್ಯಾಂಡೆಲಾ. ಅದರ ವರ್ಗಮೂಲವನ್ನು ಎರಡರಿಂದ ಗುಣಿಸಿದರೆ ಪೆಟ್ಟಿಗೆಯ ಮೇಲಿನ ಮೀಟರ್ ಬರುತ್ತದೆ: 10,000 ಕ್ಯಾಂಡೆಲಾಗೆ 200 ಮೀಟರ್, 40,000ಕ್ಕೆ 400. ಆದರೆ ಆ ದೂರದಲ್ಲಿ ಬೀಳುವ ಬೆಳಕು 0.25 ಲಕ್ಸ್, ಹೆಚ್ಚುಕಡಿಮೆ ಹುಣ್ಣಿಮೆಯ ಬೆಳದಿಂಗಳಷ್ಟೇ. ಅಲ್ಲಿ ನಿಂತಿರುವುದು ದನವೋ ಕಾಟಿಯೋ ಎಂದು ಗುರುತಿಸಲು ಬರೆದ ದೂರದ ಮೂರನೇ ಒಂದು ಭಾಗವನ್ನು ನಂಬಿ. ಎರಡೆಕರೆ ತೋಟಕ್ಕೆ 10,000ದಿಂದ 15,000 ಕ್ಯಾಂಡೆಲಾ ಸರಿಹೋಗುತ್ತದೆ.

ತಲೆ ಎಳೆದು ಬೆಳಕು ಕೂಡಿಸುವ ‘ಝೂಮ್’ ಟಾರ್ಚ್ ಬೇಡ. ಎಳೆದಾಗ ದೂರದಲ್ಲಿ ಒಂದು ಚೌಕ ಮಾತ್ರ ಬೆಳಗುತ್ತದೆ, ನಿಮ್ಮ ಕಾಲಬುಡ ಕತ್ತಲಾಗುತ್ತದೆ. ಜಾರುವ ಕೀಲಿನ ಸಂದಿಯಿಂದ ನೀರು, ಧೂಳು ಒಳಗೆ ಹೋಗುತ್ತವೆ. ಬಟ್ಟಲಿನಂಥ ರಿಫ್ಲೆಕ್ಟರ್ ಇರುವ ಟಾರ್ಚ್ ನಡುವೆ ದೂರದ ಬೆಳಕು, ಸುತ್ತ ಹತ್ತಿರದ ಬೆಳಕು ಎರಡನ್ನೂ ಒಟ್ಟಿಗೆ ಕೊಡುತ್ತದೆ.

ಹಂತ 4: ಬೆಳಕಿನ ಬಣ್ಣ

ಬೆಳಕಿನ ಬಣ್ಣದ ಅಳತೆ ಕೆಲ್ವಿನ್. 6500 ಕೆಲ್ವಿನ್‌ನ ನೀಲಿಬಿಳಿ ಬೆಳಕು ಅಂಗಡಿಯಲ್ಲಿ ಪ್ರಖರವಾಗಿ ಕಾಣುತ್ತದೆ, ತೋಟದಲ್ಲಿ ಎಲ್ಲವನ್ನೂ ಬೂದಿ ಬಣ್ಣಕ್ಕೆ ತಿರುಗಿಸುತ್ತದೆ. 4000ದಿಂದ 5000 ಕೆಲ್ವಿನ್, ಸಿಗುವುದಾದರೆ 90ಕ್ಕಿಂತ ಹೆಚ್ಚು ಸಿಆರ್‌ಐ (ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಎಂಬ ಅಂಕಿ) ಇರುವುದನ್ನೇ ಆರಿಸಿ. ಲುಮೆನ್ ಸ್ವಲ್ಪ ಕಡಿಮೆಯಾಗುತ್ತದೆ, ಆಗಲಿ. ಕೊಳಕುಮಂಡಲ ಒಣ ಸೋಗೆ, ತರಗೆಲೆಯ ಮೇಲೆ ಮಲಗಿದ್ದರೆ ಕಂದು ಮೈ ಮೇಲಿನ ಮಚ್ಚೆಗಳ ಸಾಲೇ ಅದರ ಗುರುತು. ಕಂದಿನ ಮೇಲೆ ಕಂದು ಬೇರೆಯಾಗಿ ಕಾಣಬೇಕೆಂದರೆ ಬಣ್ಣ ಸರಿಯಾಗಿ ತೋರಿಸುವ ಬೆಳಕು ಬೇಕು. ನಾಯಿ, ಬೆಕ್ಕಿನ ಹಾಗೆ ಹಾವಿನ ಕಣ್ಣು ಟಾರ್ಚ್‌ಗೆ ಹೊಳೆದು ಎಚ್ಚರಿಸುತ್ತದೆ ಎಂದು ನೆಚ್ಚಬೇಡಿ.

ಟಾರ್ಚ್ ಹಿಡಿಯುವ ಎತ್ತರವೂ ಮುಖ್ಯ. ಕಣ್ಣಿನ ಮಟ್ಟದಿಂದ ಹಿಡಿದರೆ ನೆಲ ಚಪ್ಪಟೆಯಾಗಿ ಕಾಣುತ್ತದೆ. ಸೊಂಟದಿಂದ ಕೆಳಗೆ, ಓರೆಯಾಗಿ ಹಿಡಿದರೆ ಪ್ರತಿ ಕಡ್ಡಿಗೂ ಕಲ್ಲಿಗೂ ನೆರಳು ಬಿದ್ದು ಹಾವಿನ ಉಬ್ಬು ಎದ್ದು ಕಾಣುತ್ತದೆ. ಮಂಜಿನಲ್ಲೂ ಹೀಗೆ ಹಿಡಿದರೆ ಕಣ್ಣು ಕುಕ್ಕುವುದು ಕಡಿಮೆ. ಆನೆ ಇರುವ ಕಡೆ ‘ಸ್ಟ್ರೋಬ್’ (ಪಟಪಟನೆ ಮಿನುಗುವ ಬೆಳಕು) ಹಾಕಿ ಬೆದರಿಸಲು ಹೋಗಬೇಡಿ, ಕಣ್ಣಿಗೆ ಬೆಳಕು ಬಿಡಬೇಡಿ. ಬಂದ ದಾರಿಯಲ್ಲೇ ಹಿಂದೆ ಸರಿಯಿರಿ.

ಹಂತ 5: ಮೈ, ಸ್ವಿಚ್, ಪೋರ್ಟ್

ಅಲ್ಯೂಮಿನಿಯಂ ಮೈ, ನೀರು ತಡೆಯುವ ದರ್ಜೆ ಐಪಿಎಕ್ಸ್7 ಅಥವಾ 8, ಕನಿಷ್ಠ 1 ಮೀಟರ್ ಎತ್ತರದಿಂದ ಬಿದ್ದರೂ ತಡೆಯುತ್ತದೆ ಎಂಬ ಬರಹ, ಇಷ್ಟಿದ್ದರೆ ಸರಿ. ಐಪಿಎಕ್ಸ್4 ಎಂದರೆ ಎರಚಲು ತಡೆಯುತ್ತದೆ ಅಷ್ಟೇ, ಕಾಲುವೆಗೆ ಬಿದ್ದರೆ ಮುಗಿಯಿತು. ಸ್ವಿಚ್ ಹಿಂಬದಿಯಲ್ಲಿ, ಕ್ಲಿಕ್ ಎಂದು ಒತ್ತುವಂಥದ್ದಿರಲಿ. ಕೆಸರು ಕೈಯಲ್ಲೂ ಕತ್ತಲಲ್ಲೂ ಬೆರಳು ತಾನಾಗಿ ಅಲ್ಲಿಗೆ ಹೋಗುತ್ತದೆ. ಕೊನೆಗೆ ಬಳಸಿದ ಮೋಡ್ ನೆನಪಿಡುವ ಟಾರ್ಚ್ ಆರಿಸಿ. ಪ್ರತಿ ಸಲ ಮಿಣುಕು ಮೋಡ್‌ಗಳನ್ನು ದಾಟಿ ಬರಬೇಕಾದ ಟಾರ್ಚ್ ಅವಸರಕ್ಕೆ ಆಗುವುದಿಲ್ಲ.

ಟೈಪ್-ಸಿ ಪೋರ್ಟ್ ಇದ್ದರೆ ಎರಡೂ ತುದಿ ಸಿ ಇರುವ ಕೇಬಲ್ ಹಾಕಿ ಅಂಗಡಿಯಲ್ಲೇ ನೋಡಿ. ಎರಡು ಪುಟ್ಟ ರೆಸಿಸ್ಟರ್ ಉಳಿಸಲು ಹೋಗಿ ಕೆಲವು ತಯಾರಕರು ಅಂಥ ಕೇಬಲ್‌ಗೆ ಚಾರ್ಜೇ ಆಗದ ಟಾರ್ಚ್ ಮಾಡುತ್ತಾರೆ. ಅವು ಹಳೆಯ ಅಗಲ ಯುಎಸ್‌ಬಿ ತುದಿಯ ಕೇಬಲ್‌ನಲ್ಲಿ ಮಾತ್ರ ಚಾರ್ಜ್ ಆಗುತ್ತವೆ. ಪೋರ್ಟಿನ ರಬ್ಬರ್ ಮುಚ್ಚಳ ಸಡಿಲವಿದ್ದರೆ ಕೊಳ್ಳಬೇಡಿ. ಪೋರ್ಟೇ ಇಲ್ಲದೆ, ಹೊರಗಿನ ಚಾರ್ಜರ್‌ನಲ್ಲಿ ಸೆಲ್ ಹಾಕುವ ಟಾರ್ಚ್ ಮಲೆನಾಡು, ಕರಾವಳಿಯ ಮಳೆಗೆ ಎಲ್ಲಕ್ಕಿಂತ ಒಳ್ಳೆಯದು.

ಹಂತ 6: ವಾಪಸ್ ಕೊಡುವ ಅವಧಿಯೊಳಗೆ ಪರೀಕ್ಷೆ

ಸೆಲ್ ತೆಗೆದು ಅದರ ಜಾಗದಲ್ಲಿ ಒಣ ಟಿಶ್ಯೂ ಪೇಪರ್ ತುರುಕಿ, ಹಿಂಬದಿಯ ಮುಚ್ಚಳ ಬಿಗಿದು, ಬಕೆಟ್ ನೀರಿನ ತಳದಲ್ಲಿ ಅರ್ಧ ಗಂಟೆ ಇಡಿ. ಹೊರಗೆ ಚೆನ್ನಾಗಿ ಒರೆಸಿ ಬಿಚ್ಚಿ. ಟಿಶ್ಯೂ ಒದ್ದೆಯಾಗಿದ್ದರೆ ಐಪಿಎಕ್ಸ್7 ಅಚ್ಚಿಗೆ ಬೆಲೆಯಿಲ್ಲ. ಐಪಿಎಕ್ಸ್4 ಟಾರ್ಚ್‌ಗೆ ಈ ಪರೀಕ್ಷೆ ಮಾಡಬೇಡಿ.

ಕತ್ತಲ ಕೋಣೆಯಲ್ಲಿ 5 ಮೀಟರ್ ಅಳೆದು, ಆಂಡ್ರಾಯ್ಡ್ ಫೋನಿನಲ್ಲಿ ಲಕ್ಸ್ ಮೀಟರ್ ಆ್ಯಪ್ ತೆರೆದು, ಪರದೆಯ ಮೇಲ್ತುದಿಯ ಸೆನ್ಸರ್ ಮೇಲೆ ಬೆಳಕಿನ ನಡುಭಾಗ ಬೀಳಿಸಿ. ಬಂದ ಲಕ್ಸ್ ಅನ್ನು 25ರಿಂದ ಗುಣಿಸಿದರೆ ಕ್ಯಾಂಡೆಲಾ. 400 ಲಕ್ಸ್ ಬಂದರೆ 10,000 ಕ್ಯಾಂಡೆಲಾ. ಫೋನಿನ ಅಳತೆ ಪೂರ್ತಿ ನಿಖರವಲ್ಲ, ಆದರೆ ಪೆಟ್ಟಿಗೆಯಲ್ಲಿ 40,000 ಎಂದು ಬರೆದು ಇಲ್ಲಿ 5,000 ಬಂದರೆ ಸುಳ್ಳು ಹಿಡಿಯಲು ಅಷ್ಟು ಸಾಕು. ಆಮೇಲೆ ಪೂರ್ತಿ ಚಾರ್ಜ್ ಮಾಡಿ, ಫ್ಯಾನ್ ಗಾಳಿಯಲ್ಲಿಟ್ಟು ನಡುವಿನ ಮೋಡ್‌ನಲ್ಲಿ ಉರಿಸಿ. ಲಕ್ಸ್ ಅರ್ಧಕ್ಕೆ ಇಳಿಯಲು ಎಷ್ಟು ಹೊತ್ತಾಯಿತು ಎಂದು ಬರೆದಿಡಿ. ಮುಂದಿನ ವರ್ಷ ಸೆಲ್ ಸೊರಗಿದೆಯೇ ಎಂದು ತಿಳಿಯಲು ಈ ಅಂಕಿ ಬೇಕಾಗುತ್ತದೆ.

ಮಲ್ಟಿಮೀಟರ್ ಇದ್ದವರು ಚಾರ್ಜ್ ಮುಗಿದು ಒಂದು ಗಂಟೆಯ ನಂತರ ಸೆಲ್ ಅಳೆಯಲಿ. 4.15ರಿಂದ 4.20 ವೋಲ್ಟ್ ಇರಬೇಕು. 4.25 ದಾಟಿದರೆ ಆ ಚಾರ್ಜಿಂಗ್ ಸರ್ಕ್ಯೂಟ್ ಅಪಾಯಕಾರಿ, ಬಳಸಬೇಡಿ. ಎಂದಾದರೂ 2.5 ವೋಲ್ಟ್‌ಗಿಂತ ಕೆಳಗಿಳಿದ ಸೆಲ್‌ಗೆ ಮತ್ತೆ ಜೀವ ತುಂಬಲು ಹೋಗದೆ ಇ-ತ್ಯಾಜ್ಯಕ್ಕೆ ಕೊಡಿ.

ಉಳಿದ ಆರೈಕೆ ಸ್ವಲ್ಪವೇ. ಮಳೆಗಾಲಕ್ಕೆ ಮುಂಚೆ ಓ-ರಿಂಗ್ (ಮುಚ್ಚಳದ ಸಂದಿಯ ರಬ್ಬರ್ ಬಳೆ) ಒರೆಸಿ ಸಿಲಿಕೋನ್ ಗ್ರೀಸ್ ಸವರಿ. ಆರ್‌ಓ ಫಿಲ್ಟರ್ ರಿಪೇರಿಯವರ ಬಳಿ ಸಿಗುತ್ತದೆ. ಟಾರ್ಚ್ ಅನ್ನು ಬಿಸಿಲಲ್ಲಿ ನಿಂತ ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಬಿಡಬೇಡಿ, ಹಾಸಿಗೆಯ ಮೇಲೆ ಚಾರ್ಜ್‌ಗೆ ಇಡಬೇಡಿ. ತಿಂಗಳುಗಟ್ಟಲೆ ಬಳಸದಿದ್ದರೆ ಅರ್ಧ ಚಾರ್ಜ್‌ನಲ್ಲಿ ಸೆಲ್ ಹೊರಗೆ ತೆಗೆದಿಡಿ. ಚೀಲದಲ್ಲಿ ಒಯ್ಯುವಾಗ ಹಿಂಬದಿಯ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿದರೆ ಹೆಚ್ಚಿನ ಅಲ್ಯೂಮಿನಿಯಂ ಟಾರ್ಚ್‌ಗಳು ತಾವಾಗಿ ಹೊತ್ತಿಕೊಳ್ಳುವುದಿಲ್ಲ. ಹೆಚ್ಚುವರಿ ಸೆಲ್ ಇದ್ದರೆ ಅದಕ್ಕೊಂದು ಪ್ಲಾಸ್ಟಿಕ್ ಡಬ್ಬಿ ಬೇಕೇ ಬೇಕು. ಬರಿಯ ಸೆಲ್ ಜೇಬಿನಲ್ಲಿ ಬೀಗದ ಕೈಗೋ ಚಿಲ್ಲರೆಗೋ ತಾಗಿ ಶಾರ್ಟ್ ಆದರೆ ತೊಡೆ ಸುಡುತ್ತದೆ.