ಎನ್ವಿಡಿಯಾ ಡ್ರೈವರ್ ಹಾಕಿದ ಮೇಲೆ ಉಬುಂಟು ಪರದೆ ಕಪ್ಪಾದರೆ

ಪರದೆ ಕಪ್ಪಾಯಿತೆಂದು ಉಬುಂಟುವನ್ನೇ ಅಳಿಸಿ ಮತ್ತೆ ಹಾಕಲು ಹೋಗಬೇಡಿ. ಸಾಮಾನ್ಯವಾಗಿ ಡ್ರೈವರ್ (ಗ್ರಾಫಿಕ್ಸ್ ಕಾರ್ಡ್ ನಡೆಸುವ ತಂತ್ರಾಂಶ) ಕರ್ನಲ್‌ಗೆ, ಅಂದರೆ ಉಬುಂಟುವಿನ ತಿರುಳಿಗೆ, ಸೇರಿಕೊಂಡಿರುವುದಿಲ್ಲ, ಅಷ್ಟೇ. (ಎಎಂಡಿ, ಇಂಟೆಲ್‌ನವರಿಗೆ ಈ ತಾಪತ್ರಯ ಕಡಿಮೆ, ಅವುಗಳ ಡ್ರೈವರ್ ಕರ್ನಲ್‌ನಲ್ಲೇ ಇರುತ್ತದೆ.)

ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿದರೆ ಬರುವ ಅಕ್ಷರಗಳ ಪರದೆಯಲ್ಲಿ ಲಾಗಿನ್ ಆಗಿ. ಅದೂ ಬಾರದಿದ್ದರೆ ಕಂಪ್ಯೂಟರ್ ಶುರುವಾಗುವಾಗಿನ ಗ್ರಬ್ ಮೆನುವಿನಲ್ಲಿ 'ಇ' ಒತ್ತಿ, 'ಲಿನಕ್ಸ್' ಎಂದು ಶುರುವಾಗುವ ಸಾಲಿನ ಕೊನೆಗೆ ಒಂದು ಸ್ಪೇಸ್ ಬಿಟ್ಟು 'ನೋಮೋಡ್‌ಸೆಟ್' ಸೇರಿಸಿ, ಎಫ್10 ಒತ್ತಿ. ಇದು ಆ ಒಂದು ಬೂಟ್‌ಗೆ ಮಾತ್ರ. ಕಮಾಂಡ್‌ಗಳನ್ನೆಲ್ಲ ಇಂಗ್ಲಿಷ್ ಸಣ್ಣಕ್ಷರದಲ್ಲೇ ಟೈಪ್ ಮಾಡಿ.

ಈಗ 'ಸುಡೋ ಮಾಡ್‌ಪ್ರೋಬ್ ಎನ್ವಿಡಿಯಾ' ಕೊಡಿ. ಬರುವ ಎರರ್ ಓದಿದರೆ ಅರ್ಧ ಕೆಲಸ ಮುಗಿದಂತೆ.

'ಕೀ ವಾಸ್ ರಿಜೆಕ್ಟೆಡ್' ಎಂದರೆ ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇಲ್ಲದ್ದನ್ನು ಕರ್ನಲ್‌ಗೆ ಸೇರಿಸದ ಭದ್ರತಾ ವ್ಯವಸ್ಥೆ) ತಡೆದಿದೆ. ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳಿತ್ತಲ್ಲ, ರೀಸ್ಟಾರ್ಟ್ ಆದಾಗ ಬರುವ ನೀಲಿ ಪರದೆಯಲ್ಲಿ ಅದನ್ನೇ ಕೊಡಬೇಕಿತ್ತು. ಆ ಪರದೆ ಸುಮಾರು 10 ಸೆಕೆಂಡ್ ಮಾತ್ರ ಕಾಯುತ್ತದೆ. ಚಹಾಕ್ಕೆ ಎದ್ದು ಹೋದವರಿಗೆ ಸಿಗುವುದಿಲ್ಲ. 'ಸುಡೋ ಮೋಕ್‌ಯುಟಿಲ್ --ಇಂಪೋರ್ಟ್ /ವರ್/ಲಿಬ್/ಶಿಮ್-ಸೈನ್ಡ್/ಮೋಕ್/ಎಂಒಕೆ.ಡರ್' ಕೊಟ್ಟು (ಇದರಲ್ಲಿ 'ಎಂಒಕೆ' ಮಾತ್ರ ದೊಡ್ಡಕ್ಷರ; ಅದು ಡ್ರೈವರ್‌ನ ಸಹಿಗೆ ಬಳಸುವ ಡಿಜಿಟಲ್ ಕೀ) ಹೊಸ ಪಾಸ್‌ವರ್ಡ್ ಇಟ್ಟು ರೀಸ್ಟಾರ್ಟ್ ಮಾಡಿ. ನೀಲಿ ಪರದೆ ಬಂದೊಡನೆ ಯಾವುದಾದರೂ ಕೀ ಒತ್ತಿ: ಎನ್‌ರೋಲ್ ಎಂಒಕೆ, ಕಂಟಿನ್ಯೂ, ಯೆಸ್, ಪಾಸ್‌ವರ್ಡ್, ರೀಬೂಟ್. ಬ್ಲೂಟೂತ್ ಕೀಬೋರ್ಡ್ ಅಲ್ಲಿ ನಡೆಯದು, ವೈರಿನದ್ದೇ ಹಚ್ಚಿ.

'ಮಾಡ್ಯೂಲ್ ಎನ್ವಿಡಿಯಾ ನಾಟ್ ಫೌಂಡ್' ಬಂದರೆ ಮಾಡ್ಯೂಲ್, ಅಂದರೆ ಕರ್ನಲ್‌ಗೆ ಸೇರುವ ಡ್ರೈವರ್ ತುಣುಕು, ತಯಾರೇ ಆಗಿಲ್ಲ. 'ಯುನೇಮ್ -ಆರ್' ತೋರಿಸುವ ಕರ್ನಲ್ ಆವೃತ್ತಿಯದ್ದೇ ಲಿನಕ್ಸ್-ಹೆಡರ್ಸ್ ಪ್ಯಾಕೇಜ್ (ಮಾಡ್ಯೂಲ್ ತಯಾರಿಗೆ ಬೇಕಾದ ಕಡತಗಳು) ಹಾಕಿ, 'ಸುಡೋ ಡಿಕೆಎಂಎಸ್ ಆಟೋಇನ್‌ಸ್ಟಾಲ್' ಕೊಡಿ.

ಶಕ್ತಿನಗರದಲ್ಲಿ ಕರೆಂಟು ತಯಾರಾದರೂ ರಾಯಚೂರಿನ ಮನೆಗಳಲ್ಲಿ ಅದು ಹೋಗುವುದೇನೂ ತಪ್ಪಿಲ್ಲ. ಇನ್‌ಸ್ಟಾಲ್ ನಡುವೆ ಹೋದರೆ ಪ್ಯಾಕೇಜ್ ಅರ್ಧಕ್ಕೆ ನಿಲ್ಲುತ್ತದೆ. 'ಸುಡೋ ಡಿಪಿಕೆಜಿ --ಕಾನ್ಫಿಗರ್ -ಎ', ನಂತರ 'ಸುಡೋ ಆಪ್ಟ್ -ಎಫ್ ಇನ್‌ಸ್ಟಾಲ್' ಕೊಟ್ಟರೆ ಮುಂದುವರಿಯುತ್ತದೆ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಆದರೆ ಬೇಸಿಗೆ ಮಧ್ಯಾಹ್ನ ಈ ಕೆಲಸಕ್ಕೆ ಕೂರದಿರುವುದೇ ವಾಸಿ.

ಎನ್ವಿಡಿಯಾ ವೆಬ್‌ಸೈಟಿನ '.ರನ್' ಫೈಲ್ ಬೇಡ. ಕರ್ನಲ್ ಅಪ್‌ಡೇಟ್ ಆದಾಗ ಮತ್ತೆ ಕಪ್ಪು ಪರದೆ ಬರಬಹುದು. 'ಸುಡೋ ಉಬುಂಟು-ಡ್ರೈವರ್ಸ್ ಇನ್‌ಸ್ಟಾಲ್' ಕಾರ್ಡಿಗೆ ಹೊಂದುವುದನ್ನು ತಾನೇ ಆರಿಸುತ್ತದೆ. ಬಳ್ಳಾರಿಯ ಸೆಕೆಂಡ್‌ಹ್ಯಾಂಡ್ ಅಂಗಡಿಯಿಂದ ಜಿಟಿ 710 ಕಾರ್ಡ್ ತಂದಿದ್ದರೆ 470ರ ಡ್ರೈವರ್ ಸರಣಿಯೇ ಅದಕ್ಕೆ ಕೊನೆಯದು, 535 ಹಾಕಿದರೆ ಕಾರ್ಡ್ ಓಡುವುದಿಲ್ಲ.

ಕೊನೆಗೆ 'ಎನ್ವಿಡಿಯಾ-ಎಸ್‌ಎಂಐ' ಕೊಡಿ. ಕಾರ್ಡಿನ ಹೆಸರು, ಉಷ್ಣಾಂಶ ಇರುವ ಪಟ್ಟಿ ಮೂಡಿದರೆ ಡ್ರೈವರ್ ಕೂತಿದೆ.